ಸೇತುವೆ ಕಂಡರೆ ಶಾಲೆ

ಶುಕ್ರವಾರ, ಸಂಜೆ

ಪ್ರೀತಿಯ ಅಪ್ಪನಿಗೆ,

ಮಧ್ಯಾಹ್ನ ನಾಲ್ಕು ಗಂಟೆಗೆ, ಕೆಳಗಡೆ ಬೇಕರಿಯಲ್ಲಿ ತಗಡಿನ ತಟ್ಟೆಗಳನ್ನು ಗಾಡಿಗೆ ತುಂಬುವ ಸದ್ದಿಗೆ ಎಚ್ಚರವಾಯಿತು. ನಮಸ್ಕಾರ, ಯೋಗಕ್ಷೇಮ ಎಲ್ಲವನ್ನೂ ಬಿಟ್ಟು ಇದನ್ನೇ ಮೊದಲು ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಕಾಗದ ಬಂದು ಎಷ್ಟೋ ದಿನವಾದರೂ ಉತ್ತರ ಹಾಕದೆ ಕೂತದ್ದಕ್ಕೂ ಕ್ಷಮಿಸಿ. ಪುಟ್ಟಿ ಚೆನ್ನಾಗಿದ್ದಾಳೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಇವತ್ತು ಪುಟ್ಟಿಗೆ ಹಾಲು ಕೊಡುತ್ತಾ ಕೊಡುತ್ತಾ ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗಿಬಿಟ್ಟಿದ್ದೆ, ಅಷ್ಟರಲ್ಲಿ ಈ ಸದ್ದು.

ನಿಮ್ಮ ವಿಮಾನ ನೆಲೆಯ ಕ್ಯಾಂಟೀನಿಗೆ ಬ್ರೆಡ್ಡು ಹೋಗುವುದು ನಮ್ಮ ಕೆಳಮನೆಯಿಂದಲೇ ಅಲ್ಲವೇ. ದಿನಾ ನಸುಕಿನಲ್ಲಿ ಗಾಡಿ ತುಂಬುತ್ತಾರೆ. ಸಂಜೆಯೇ ತುಂಬಿದ್ದು ನಾನು ಈ ಮನೆಗೆ ಬಂದಮೇಲೆ ಒಂದೇ ಒಂದು ಸಲ, ಹೋದ ಭಾನುವಾರ. ಸೋಮವಾರ ಬೆಳಿಗ್ಗೆ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ವಿಮಾನ ಹೋಯಿತು, ಒಂದು ಬಾಂಬು ಹಾಕಿತು, ಒಂದು ಊರು ಇಲ್ಲವಾಯಿತು.

ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಇಳಿದು ಹೋದೆ. ಗಾಡಿಯ ಡ್ರೈವರು, ನೀವು 'ಹಾರ್ನು' ಅಂತ ಹೆಸರಿಟ್ಟಿದ್ದೀರಲ್ಲ ಅವನು, ತಟ್ಟೆಗಳ ಮೇಲೆ ಬಿಳಿ ಬಟ್ಟೆ ಹೊದಿಸುತ್ತಿದ್ದ.

"ಏನಪ್ಪಾ, ಈ ಹೊತ್ತಲ್ಲಿ?" ಅಂದೆ.

"ಕ್ಯಾಂಟೀನಿಂದ ಫೋನ್ ಬಂತಕ್ಕ. ನಾಳೆ ಬೆಳಗಿನ ಬ್ರೆಡ್ಡು ಇವತ್ತು ರಾತ್ರಿನೇ ಬೇಕಂತೆ. ಕತ್ತಲಲ್ಲೇ ಎದ್ದು ತಿಂದು ಹೋಗೋರು ಇದಾರಂತೆ."

"ಎಲ್ಲಿಗೆ ಹೋಗೋರು?"

"ಅದನ್ನ ಕೇಳೋಕೆ ನಾನೇನು ಅವರ ಮಾವನಾ? ತಿನ್ಸೋದಷ್ಟೇ ನಮ್ಮ ಕೆಲಸ."

ಬೇಕರಿ ಯಜಮಾನರು ಒಲೆಯ ಬಾಗಿಲು ಮುಚ್ಚಿ ಇತ್ತ ತಿರುಗಿದರು. ಹುಬ್ಬಿನ ಮೇಲೆಲ್ಲ ಹಿಟ್ಟು. "ಸೋಮವಾರ ನಮ್ಮ ಬ್ರೆಡ್ಡು ತಿಂದು ಹೋದೋರು ಏನ್ ಮಾಡಿ ಬಂದ್ರು ನೋಡಿದ್ರಲ್ಲಮ್ಮ! ಅದಕ್ಕೇ ಮತ್ತೆ ಆರ್ಡರು. ನಾಳೆನೂ ಒಂದು ಆಯ್ತು ಅಂದ್ರೆ ಮುಗೀತು, ನಿಮ್ಮ ಯಜಮಾನ್ರು ಚೀಲ ಹೆಗಲಿಗೆ ಹಾಕ್ಕೊಂಡು ಈ ಮೆಟ್ಲು ಹತ್ತಿ ಬರ್ತಾರೆ. ಆವತ್ತು ನಿಮ್ಮ ಮನೆಗೆ ನನ್ನ ಕಡೆಯಿಂದ ಕೇಕು."

ಪುಟ್ಟಿ ಅವರ ಹಿಟ್ಟಿನ ಹುಬ್ಬು ನೋಡಿ ನಕ್ಕಳು. ನಾನು ಹಿಟ್ಟಿನ ಮೂಟೆಯ ಮೇಲೆ ಕೂತೆ. ಮಂಜಿನ ವಿಷಯ ಆಗ ಹೊಳೆಯಿತು, ಅಪ್ಪ. ಬುಧವಾರ ನೀವು ಫೋನಿನಲ್ಲಿ ಕೇಳಿದ್ದು ಏನು, ನಾನು ಹೇಳಿದ್ದು ಏನು ಎಂಬುದು ಆ ಮೂಟೆಯ ಮೇಲೆ ಕೂತಾಗ ಅರ್ಥವಾಯಿತು.

ಹಾರ್ನು ಆರು ಗಂಟೆಗೆ ಹೊರಡುತ್ತಾನೆ. ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿದ್ದಾನೆ. ಹೊರಗಿನಿಂದ ನಿಮಗೆ ಫೋನು ಕೊಡುವುದಿಲ್ಲ, ಅಂಚೆಗೆ ಹಾಕಿದರೆ ಒಡೆದು ಓದುತ್ತಾರೆ. "ಅಪ್ಪನಿಗೆ ಏನು ಬರೀತೀರಕ್ಕ ಇಷ್ಟು ಅರ್ಜೆಂಟಾಗಿ?" ಅಂದ. ಮಗುವಿಗೆ ಜ್ವರ ಅಂದೆ. ಸುಳ್ಳು. ಮಗುವಿನ ಮೇಲೆ ಅಂಥ ಸುಳ್ಳು ಹೇಳಿದೆನಲ್ಲ ಎಂದು ಆಮೇಲೆ ಭಯವಾಗಿ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ.

ಸೋಮವಾರದಿಂದ ಈ ಮನೆ ಹೇಗಿದೆ ಎಂದು ಸ್ವಲ್ಪ ಹೇಳಬೇಕು. ರೇಡಿಯೋದಲ್ಲಿ ಆ ವಿಮಾನದವನನ್ನು ಮಾತಾಡಿಸಿದರಲ್ಲ, ನೀವೂ ಕೇಳಿರಬೇಕು. ಗುರಿ ನೋಡುವ ಗಾಜಿನಲ್ಲಿ ಊರು ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು, ರಸ್ತೆಗಳೆಲ್ಲ ಗೆರೆ ಎಳೆದ ಹಾಗೆ ಇದ್ದವು, ತಾರಸಿಗಳ ಮೇಲೆ ಏನೋ ಬೆಳ್ಳಗೆ ಇತ್ತು, ಒಗೆದ ಬಟ್ಟೆ ಇರಬೇಕು, ಅಂದ. ಒಳ್ಳೆಯ ಹುಡುಗನ ದನಿ. ಸುಳ್ಳು ಹೇಳುವವನಲ್ಲ. ಅವತ್ತಿನಿಂದ ನಾನು ತಾರಸಿಯ ಮೇಲೆ ಬಟ್ಟೆ ಹಾಕುವುದನ್ನು ಬಿಟ್ಟಿದ್ದೇನೆ. ಪುಟ್ಟಿಯ ಲಂಗೋಟಿಗಳನ್ನೆಲ್ಲ ಕೋಣೆಯೊಳಗೆ, ಕುರ್ಚಿಯ ಬೆನ್ನಿಗೆ, ಮಂಚದ ಕಾಲಿಗೆ ಹರವುತ್ತೇನೆ. ಮನೆಯೆಲ್ಲ ಮುಗ್ಗಲು ವಾಸನೆ.

ಅತ್ತೆ ಬಿಡುತ್ತಾರೆಯೇ? "ಬಿಸಿಲು ಹೊರಗಿದೆ, ಬಟ್ಟೆ ಒಳಗಿದೆ! ಕಾಲೇಜು ಓದಿದವಳ ಬುದ್ಧಿ ನೋಡು!"

"ಆಕಾಶ ತುಂಬಾ ಸ್ವಚ್ಛವಾಗಿದೆ ಅತ್ತೆ" ಅಂದೆ.

"ಸ್ವಚ್ಛವಾಗಿದ್ರೆ ಒಳ್ಳೇದಲ್ವೇನೇ?"

ಒಂದು ಊರಿನ ಮೇಲೆ ಆಕಾಶ ಸ್ವಚ್ಛವಾಗಿರುವುದನ್ನು ನೋಡಿದರೆ ಕಿಟಕಿ ಮುಚ್ಚಿಕೊಳ್ಳುವ ಹಾಗೆ ಮಾಡಿಟ್ಟಿದ್ದಾರೆ, ಅಪ್ಪ. ನಿಮ್ಮ ಮಗಳಾಗಿ ನಾನು ಮೋಡಕ್ಕೆ ಹೆದರಿದ್ದು ಎಂದಾದರೂ ಉಂಟೇ, ಬಿಸಿಲಿಗೆ ಹೆದರಿದ್ದು ಉಂಟೇ? ಈಗ ಬೆಳಿಗ್ಗೆ ಎದ್ದು ಕಿಟಕಿ ತೆಗೆದು ಮೋಡ ಕಂಡರೆ ಜೀವಕ್ಕೆ ಸಮಾಧಾನ. ಇವತ್ತು ಶತ್ರುಗಳ ಹತ್ತಿರ ಇಲ್ಲದ ಆ ಬಾಂಬು ನಾಳೆ ಅವರ ಹತ್ತಿರವೂ ಇರುತ್ತದೆ. ಆಗ ಅವರ ಕಡೆಯ ಯಾರೋ ಒಬ್ಬ ತಂದೆ, ನಿಮ್ಮ ಹಾಗೇ ಕನ್ನಡಕ ಹಣೆಗೇರಿಸಿ, ನಮ್ಮೂರಿನ ಆಕಾಶ ಯಾವಾಗ ತಿಳಿಯಾಗುತ್ತದೆ ಎಂದು ಗುಣಾಕಾರ ಹಾಕುತ್ತಾನೆ.

ಪೇಪರಿನಲ್ಲಿ ನಿಮ್ಮನ್ನು ಹೊಗಳಿದ್ದರು. ಹೆಸರಿರಲಿಲ್ಲ. 'ಹವಾಮಾನದವರ ಕರಾರುವಾಕ್ಕಾದ ಮುನ್ಸೂಚನೆಯಿಂದ ಕಾರ್ಯ ಯಶಸ್ವಿಯಾಯಿತು' ಅಂತ ಒಂದು ಸಾಲು. ಬೇಕರಿಯವರು ಅದನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದಾರೆ. ಬಂದವರಿಗೆಲ್ಲ "ಮೇಲಿನ ಮನೆ ಹುಡುಗಿಯ ಅಪ್ಪ" ಅಂತ ಹೇಳುತ್ತಾರೆ. ನನಗೆ ಎರಡು ಬನ್ನು ಪುಕ್ಕಟೆ. ಅದನ್ನು ತಿನ್ನಲಾರದೆ, ಬಿಸಾಡಲೂ ಆಗದೆ, ಅತ್ತೆಗೆ ಕೊಟ್ಟೆ. ಅವರು ಹಾಲಿನಲ್ಲಿ ಅದ್ದಿಕೊಂಡು ಸಂತೋಷವಾಗಿ ತಿಂದರು.

ಅತ್ತೆಯನ್ನು ನಾನು ದೂರುತ್ತಿಲ್ಲ. ಸೋಮವಾರ ರಾತ್ರಿ ನಾನು ತಡೆಯಲಾರದೆ, "ಅಲ್ಲಿ ಮಕ್ಕಳಿರಲಿಲ್ವಾ ಅತ್ತೆ?" ಅಂದದ್ದಕ್ಕೆ ಅವರು ಕೈಲಿದ್ದ ಲೋಟ ಕೆಳಗಿಟ್ಟು, "ಅವರ ಮಕ್ಕಳು ಮಕ್ಕಳು, ನನ್ನ ಮಗ ಏನು ಮರದ ಬೊಂಬೆಯೇನೇ? ಅವನಿಗೂ ಹಾಲುಣಿಸಿ ಸಾಕಿದ್ದು ನಾನೇ ತಾನೇ? ಯುದ್ಧ ನಾವು ಶುರು ಮಾಡಿದ್ವಾ? ನಮ್ಮ ಬಂದರಿಗೆ ಬೆಂಕಿ ಹಾಕಿದಾಗ ಅವರು ಯಾರ ಮಕ್ಕಳನ್ನ ಲೆಕ್ಕ ಇಟ್ರು?" ಅಂದರು. ಬಂದರು ಉರಿದದ್ದನ್ನು ನಾನೂ ಇದೇ ಕಿಟಕಿಯಿಂದ ನೋಡಿದವಳು. ಆಮೇಲೆ ಅತ್ತೆ ಮೆತ್ತಗೆ, "ಅವನು ಬಂದ್ಮೇಲೆ ನೀನೂ ಸರಿಹೋಗ್ತೀಯ ಬಿಡು" ಅಂತ ನನ್ನ ತಲೆ ಸವರಿದರು.

ಈಗ ಬುಧವಾರದ ಮಾತಿಗೆ ಬರುತ್ತೇನೆ.

ಸಂಜೆ ಬೇಕರಿಗೆ ನಿಮ್ಮ ಫೋನು ಬಂತು. ಪುಟ್ಟಿ ಹೇಗಿದ್ದಾಳೆ, ಹಲ್ಲು ಬಂತಾ, ನಿದ್ದೆ ಮಾಡ್ತೀಯಾ ಎಂದೆಲ್ಲ ಕೇಳಿ, ಮಾತು ಮುಗಿಯುವ ಹೊತ್ತಿಗೆ ನೀವು, "ಅಂದಹಾಗೆ ಮರಿ, ನೀನು ಓದಿದ ಊರಲ್ಲಿ ಈ ತಿಂಗಳು ಬೆಳಗಿನ ಮಂಜು ಜೋರಲ್ವಾ? ಎಷ್ಟು ಹೊತ್ತಿಗೆ ಬಿಡ್ತಿತ್ತು?" ಅಂದಿರಿ.

ನನಗೆ ಎಷ್ಟು ಖುಷಿಯಾಯಿತು ಗೊತ್ತೇ! ಯುದ್ಧ ಶುರುವಾದಮೇಲೆ ಆ ಊರಿನ ಹೆಸರನ್ನು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಶತ್ರುಗಳ ಊರಲ್ಲಿ ಓದಿದವಳು ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೇನೆ. ಮಗಳ ಮನಸ್ಸು ಹಗುರ ಮಾಡಲು ಅಪ್ಪ ಹಳೆಯ ದಿನ ತೆಗೆಯುತ್ತಿದ್ದಾರೆ ಅಂದುಕೊಂಡೆ. ಹೊಳೆಯಿಂದ ಮಂಜು ಏಳುವುದು, ಹಾಸ್ಟೆಲಿನ ಕಿಟಕಿಯಿಂದ ಕೈ ಚಾಚಿದರೆ ಕೈಯೇ ಕಾಣದಿರುವುದು, ಅಡುಗೆಯಾಕೆ ಪಾತ್ರೆ ಬಡಿದು ದಾರಿ ತೋರಿಸುತ್ತಿದ್ದದ್ದು, ಎಲ್ಲ ಹೇಳಿದೆ. ನೀವು, "ಆಮೇಲೆ? ಎಷ್ಟು ಗಂಟೆಗೆ?" ಅಂದಿರಿ. ಎಂಟೂವರೆಗೆ ಹೊಳೆಯ ಸೇತುವೆ ಕಾಣುತ್ತದೆ, ಅದು ಕಂಡಮೇಲೆ ಕಾಲು ಗಂಟೆಯಲ್ಲಿ ಊರೆಲ್ಲ ತೊಳೆದ ಗಾಜಿನ ಹಾಗೆ ತಿಳಿಯಾಗುತ್ತದೆ ಅಂದೆ. "ಖಂಡಿತವಾ?" ಅಂದಿರಿ. "ಮೂರು ವರ್ಷ ದಿನಾ ನೋಡಿದ್ದೀನಪ್ಪ" ಅಂದೆ. ಆಮೇಲೆ ನೀವು, "ಇನ್ನೇನು ಎಲ್ಲಾ ಮುಗೀತು ಮರಿ, ನಿನ್ನ ಗಂಡ ಮನೆಗೆ ಬರ್ತಾನೆ, ಇದನ್ನೆಲ್ಲ ನಾನು ನಿಮಗೋಸ್ಕರಾನೇ ಮಾಡ್ತಿರೋದು" ಅಂದಿರಿ. ಏನನ್ನು ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ.

ಆ ಕಡೆಯವರು ತಮ್ಮ ಊರುಗಳ ಹವಾಮಾನವನ್ನು ರೇಡಿಯೋದಲ್ಲಿ ಹೇಳುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತೆಂದು ನೀವೇ ಹಿಂದೊಮ್ಮೆ ಗೊಣಗಿದ್ದಿರಿ. ಹಳೆಯ ಪ್ರವಾಸಿಗಳ ಪುಸ್ತಕ, ಹಡಗಿನವರ ಮಾತು ಎಲ್ಲ ಹೆಕ್ಕಿ ಕೆಲಸ ಮಾಡ್ತಿದ್ದೀವಿ, ಕುರುಡರ ಸಂತೆ, ಅಂತ. ಆ ಸಂತೆಯಲ್ಲಿ ನನ್ನ ಹಾಸ್ಟೆಲಿನ ಕಿಟಕಿಯೂ ಒಂದು ಸಾಮಾನಾಯಿತು. ಮೋಡವಿದ್ದರೆ, ಮಂಜಿದ್ದರೆ ಅವರು ಹಾಕುವುದಿಲ್ಲ, ಕಣ್ಣಿಗೆ ಕಂಡರೇನೇ ಹಾಕುವುದು ಎಂದು ಆ ಹುಡುಗ ರೇಡಿಯೋದಲ್ಲೇ ಹೇಳಿದನಲ್ಲ. ಹಾಗಾದರೆ ನಾಳೆಗೆ ಬೇಕಾದದ್ದು ಒಂದೇ, ಮಂಜು ಬಿಡುವ ಹೊತ್ತು. ಅದನ್ನು ಕೊಟ್ಟವಳು ನಾನು.

ಆದರೆ ಅಪ್ಪ, ನೀವು ಮಂಜು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದಷ್ಟೇ ಕೇಳಿದಿರಿ. ಮಂಜು ಬಿಟ್ಟಮೇಲೆ ಆ ಊರಲ್ಲಿ ಏನಾಗುತ್ತದೆ ಎಂದು ಕೇಳಲಿಲ್ಲ. ಈಗ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಆ ಊರಿನ ಮನೆಗಳೆಲ್ಲ ಹೊಳೆಯ ಈ ದಡದಲ್ಲಿ, ಶಾಲೆಗಳೆಲ್ಲ ಆ ದಡದಲ್ಲಿ. ನಡುವೆ ಅದೊಂದೇ ಸೇತುವೆ. ಅದಕ್ಕೆ ಕಟಕಟೆ ಮೊಣಕಾಲೆತ್ತರ ಮಾತ್ರ. ನಾನು ಹೋಗುವುದಕ್ಕೂ ಮುಂಚೆ ಯಾವಾಗಲೋ ಮಂಜಿನಲ್ಲಿ ಮಕ್ಕಳ ಸಾಲಿನ ಮೇಲೆ ಗಾಡಿ ಹರಿದು ಕೆಲವು ಮಕ್ಕಳು ನೀರಿಗೆ ಬಿದ್ದರಂತೆ. ಅಂದಿನಿಂದ ಊರಿನವರು ಒಂದು ಕಟ್ಟುಪಾಡು ಮಾಡಿಕೊಂಡರು. ಮಂಜಿನ ಕಾಲದಲ್ಲಿ ಶಾಲೆಗೆ ಗಡಿಯಾರದ ಹೊತ್ತಿಲ್ಲ. ಆ ದಡದ ಗಂಟೆಗೋಪುರದಲ್ಲಿ ಒಬ್ಬ ಮುದುಕ ಕಾಯುತ್ತಾ ಕೂತಿರುತ್ತಾನೆ. ಸೇತುವೆಯ ಈ ತುದಿಯ ದೀಪದ ಕಂಬ ಅವನ ಕಣ್ಣಿಗೆ ಬಿದ್ದ ತಕ್ಷಣ ಗಂಟೆ ಹೊಡೆಯುತ್ತಾನೆ. ಅಲ್ಲಿಯವರೆಗೆ ಒಂದು ಮಗುವನ್ನೂ ಮನೆಯಿಂದ ಹೊರಗೆ ಬಿಡುವುದಿಲ್ಲ. ಗಂಟೆ ಕೇಳಿದ್ದೇ ತಡ, ಊರಿನ ಅಷ್ಟೂ ಬಾಗಿಲು ಒಟ್ಟಿಗೆ ತೆಗೆಯುತ್ತದೆ. ಆ ಸದ್ದನ್ನು ನೀವು ಕೇಳಬೇಕು! ಅಷ್ಟೂ ಮಕ್ಕಳು ಒಟ್ಟಿಗೆ ಬೀದಿಗೆ. ಒಟ್ಟಿಗೆ ಸೇತುವೆಗೆ. ಯುದ್ಧ ಬಂದಿತೆಂದು ಹೊಳೆಯಿಂದ ಮಂಜು ಏಳುವುದು ನಿಂತಿಲ್ಲ, ಅವರೂ ಆ ಪದ್ಧತಿ ಬಿಟ್ಟಿರುವುದಿಲ್ಲ.

ಟೀಚರ್ ತರಬೇತಿಯಲ್ಲಿ ನನಗೆ ಅಲ್ಲೇ ಡ್ಯೂಟಿ ಹಾಕುತ್ತಿದ್ದರು. ಸೇತುವೆಯ ನಡುವೆ ನಿಂತು ಪುಟಾಣಿಗಳನ್ನು ಕಟಕಟೆಯಿಂದ ಈಚೆಗೆ ಎಳೆಯುವ ಕೆಲಸ. ಒಬ್ಬ ಹುಡುಗಿ ದಿನಾ ನನ್ನ ಸೆರಗು ಹಿಡಿದು, "ಟೀಚರ್, ಮಂಜು ಎಲ್ಲಿಗೆ ಹೋಯ್ತು?" ಅಂತ ಕೇಳುತ್ತಿದ್ದಳು. "ಮನೆಗೆ ಹೋಯ್ತು ಕಣೇ" ಅಂತ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವಳೂ ಈಗ ದೊಡ್ಡವಳಾಗಿರುತ್ತಾಳೆ. ಅವಳ ಜಾಗದಲ್ಲಿ ಬೇರೆ ಮಕ್ಕಳು ಬಂದಿರುತ್ತಾರೆ. ಎಂಟೂವರೆಗೆ ಸೇತುವೆ ಕಂಡು, ಕಾಲು ಗಂಟೆಯಲ್ಲಿ ಊರೆಲ್ಲ ತಿಳಿಯಾಗುತ್ತದೆ ಎಂದೆನಲ್ಲ, ಆ ಕಾಲು ಗಂಟೆಯೇ ಅಪ್ಪ, ಅವರೆಲ್ಲ ಆಕಾಶದ ಕೆಳಗೆ ಇರುವ ಹೊತ್ತು.

ನೀವು ಏನನ್ನುತ್ತೀರೆಂದು ನನಗೆ ಗೊತ್ತು. "ನಾನು ಆಕಾಶ ನೋಡೋನು, ಬಾಂಬು ಹಾಕೋನಲ್ಲ." ಸೋಮವಾರದ ಮಟ್ಟಿಗೆ ಅದನ್ನು ನಂಬೋಣ. ಏನು ಒಯ್ಯುತ್ತಾರೆ ಎಂದು ನಿಮಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ನಾಳೆಗೆ ಆ ಮಾತು ನಡೆಯುವುದಿಲ್ಲ. ಇವತ್ತು ರಾತ್ರಿ ನಿಮ್ಮನ್ನು ಒಂದು ಕೋಣೆಗೆ ಕರೆದು ಹೊತ್ತು ಕೇಳುತ್ತಾರೆ. ನಿಮ್ಮ ಬಾಯಿಂದ ಹೊತ್ತು ಹೊರಬಿದ್ದಮೇಲೆ ನೀವು ಆಕಾಶ ನೋಡಿದವರು ಮಾತ್ರ ಆಗಿರುವುದಿಲ್ಲ.

ಸುಳ್ಳು ಹೇಳಿ ಎಂದು ನಾನು ಕೇಳುತ್ತಿಲ್ಲ. ಇಲ್ಲದ ಮೋಡ ತರಿಸಿ ಎಂದೂ ಅಲ್ಲ. 'ಗೊತ್ತಿಲ್ಲ' ಅನ್ನಿ, ಸಾಕು. ನಿಮಗೆ ನಿಜವಾಗಿಯೂ ಗೊತ್ತಿಲ್ಲವಲ್ಲ. ಗೊತ್ತಿರುವುದು ನನಗೆ. ಒಬ್ಬರೇ ಕಂಡದ್ದನ್ನು ನೀವು ನಿಮ್ಮ ವರದಿಯಲ್ಲಿ ಜೀವಮಾನದಲ್ಲೇ ಬರೆದವರಲ್ಲ. ನಾನು ಚಿಕ್ಕವಳಿದ್ದಾಗ ಆಲಿಕಲ್ಲು ಬಿತ್ತು ಎಂದು ಓಡಿಬಂದರೆ, "ಇನ್ಯಾರು ನೋಡಿದ್ರು? ಕರಕೊಂಡು ಬಾ" ಅನ್ನುತ್ತಿದ್ದಿರಿ, ಅಳು ಬರುತ್ತಿತ್ತು ನನಗೆ. ಈಗ ಹಾಗೇ ಅನ್ನಿ. ಹಾಸ್ಟೆಲಿನ ಹುಡುಗಿಯೊಬ್ಬಳು ಫೋನಿನಲ್ಲಿ ಹರಟಿದ್ದು, ಅದನ್ನು ನಂಬಿ ವಿಮಾನ ಕಳಿಸಲಾಗದು ಅನ್ನಿ. ನಾನು ಅಪ್ಪನಿಗೆ ಹೇಳಿದ ಮಾತು ಅದು, ಸೈನ್ಯಕ್ಕೆ ಹೇಳಿದ್ದಲ್ಲ. ಅದನ್ನು ನನಗೆ ವಾಪಸ್ ಕೊಟ್ಟುಬಿಡಿ.

ನೀವು ಗೊತ್ತಿಲ್ಲ ಅಂದರೆ ಅವರು ಬೇರೊಂದು ಊರು ಹುಡುಕುತ್ತಾರೇನೋ. ಯುದ್ಧ ಇನ್ನಷ್ಟು ತಿಂಗಳು ಎಳೆದು, ಅತ್ತೆಯಂಥ ಎಷ್ಟೋ ತಾಯಂದಿರು ಇನ್ನೂ ಕಾಯಬೇಕೇನೋ. ಅವರಲ್ಲಿ ಕೆಲವರ ಮಕ್ಕಳು ಬಾರದೆ ಹೋದರೆ ಆ ಪಾಪ ಯಾರ ತಲೆಗೆ? ಯೋಚಿಸಿ ಯೋಚಿಸಿ ತಲೆ ಸಿಡಿಯುತ್ತಿದೆ. ತೂಗಿ ನೋಡಲು ನನಗೆ ಬರುವುದಿಲ್ಲ, ಅಪ್ಪ. ಒಂದು ಕಡೆ ಇಷ್ಟು ಮಂದಿ, ಇನ್ನೊಂದು ಕಡೆ ಅಷ್ಟು ಮಂದಿ ಎಂದು ಪೇಪರಿನವರು ತೂಗುತ್ತಿದ್ದಾರೆ. ಸಿಪಾಯಿ ಕೈಯಲ್ಲಿ ಕೋವಿ ಇದೆ, ಎದುರಿಗೂ ಕೋವಿ ಇದೆ, ಅದು ಯುದ್ಧ. ಗಂಟೆ ಕೇಳಿ ಬಾಗಿಲು ತೆಗೆದ ಮಗುವಿಗೆ ಎದುರಿಗೆ ಏನಿದೆ? ಅದನ್ನು ಕೊಂದು ಅದರ ಅಪ್ಪನಿಗೆ ಬುದ್ಧಿ ಕಲಿಸುತ್ತೇವೆ ಅನ್ನುವುದಾದರೆ, ನಾಳೆ ಪುಟ್ಟಿಯನ್ನು ಕೊಂದು ನಿಮಗೆ ಬುದ್ಧಿ ಕಲಿಸಲು ಬರುವವನಿಗೆ ನಾವು ಯಾವ ಬಾಯಲ್ಲಿ ಬೇಡ ಅನ್ನುವುದು? ನನಗೆ ತಿಳಿದದ್ದು ಇಷ್ಟೇ.

ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ನೀವು ಊರಿಗೆ ಬಂದಾಗ ಪುಟ್ಟಿ ಎರಡೂ ಕೈ ಚಾಚಿ ನಿಮ್ಮ ಕಡೆಗೆ ಹಾರುತ್ತಾಳೆ. ಆಗ ಅವಳನ್ನು ನಿಮ್ಮ ಕೈಗೆ ಕೊಡುವಾಗ ನನ್ನ ಕೈ ಹಿಂದೆಗೆದರೆ? ನನಗೆ ಇರುವುದು ನೀವೊಬ್ಬರು. ನಿಮಗೆ ನಾನು ಹೆದರುವ ಹಾಗೆ ಆಗಬಾರದು.

ನಿಮ್ಮ ಮೇಲೆ ಅಧಿಕಾರಿಗಳು ಸಿಟ್ಟಾಗಬಹುದು. ಹುದ್ದೆ ಹೋಗಬಹುದು, ಇನ್ನೂ ಹೆಚ್ಚಿನದೂ ಆಗಬಹುದು. ಇಲ್ಲೇ ಬಂದು ಇರಿ. ಕೋಣೆ ಚಿಕ್ಕದು, ಅತ್ತೆಯ ಬಾಯಿ ದೊಡ್ಡದು, ಹೊಂದಿಕೊಂಡರಾಯಿತು.

ಹಾರ್ನು ಕೆಳಗಿನಿಂದ ಕೂಗುತ್ತಿದ್ದಾನೆ, "ಅಕ್ಕಾ, ಕಾಗದಾನೋ ಪುರಾಣಾನೋ?" ಮುಗಿಸಬೇಕು. ನಿಮ್ಮ ಬೆನ್ನುನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಕೋಪ ಬಂದಿದ್ದರೆ ನನ್ನನ್ನು ಬಯ್ದುಬಿಡಿ, ಪುಟ್ಟಿಗೆ ಮಾತ್ರ ಆಶೀರ್ವಾದ ಮಾಡಿ. ಅವಳ ಪಾದ ಹಿಡಿದು ಈ ಕಾಗದದ ಮೂಲೆಗೆ ಒತ್ತಿದ್ದೇನೆ, ಬೇಕರಿಯ ಹಿಟ್ಟು ಅಂಟಿ ಗುರುತು ಬಂದಿದೆ.

ನಿಮ್ಮ ಮುದ್ದಿನ,
ಮರಿ

ಮತ್ತೆ ಬರೆದದ್ದು:

ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡೋಣ ಅಂದುಕೊಂಡೆ, ಆಗಲಿಲ್ಲ. ನಿಮ್ಮ ಅಳಿಯ ಬರುವುದಿಲ್ಲ, ಅಪ್ಪ. ಮಂಗಳವಾರ ಅತ್ತೆ ರೇಷನ್ ಸಾಲಿಗೆ ಹೋಗಿದ್ದಾಗ ಅವರ ದಳದಿಂದ ಇಬ್ಬರು ಬಂದಿದ್ದರು. ಕಿರಿಯವನು ಕೈಲಿದ್ದ ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಪುಟ್ಟಿಯ ತೊಟ್ಟಿಲಿನ ಮೇಲಿಟ್ಟು, ತಕ್ಷಣ ಗಾಬರಿಯಾಗಿ ತೆಗೆದ. ಹಿರಿಯವನು ಹೇಳಿದ. ಹಡಗಿನಿಂದ ದಡಕ್ಕೆ ಇಳಿಯುವಾಗಲೇ ಆಯಿತಂತೆ. ತರುವುದಕ್ಕೆ ಏನೂ ಇಲ್ಲವಂತೆ. ಅತ್ತೆಗೆ ಹೇಳಿಲ್ಲ. ಅವರು ದಿನಾ ಮಗನ ಅಂಗಿಗಳನ್ನು ಬಿಸಿಲಿಗೆ ಹಾಕಿ ಮಡಿಸುತ್ತಿದ್ದಾರೆ, ನಾನು ನೋಡುತ್ತಾ ಕೂತಿದ್ದೇನೆ. ಬುಧವಾರ ನೀವು "ನಿನ್ನ ಗಂಡ ಮನೆಗೆ ಬರ್ತಾನೆ" ಅಂದಾಗ ನಾನು ಹೂಂ ಅಂದು ಫೋನಿಟ್ಟೆ. ನಿಮಗೆ ಹೇಳಲೂ ಹೆದರಿಕೆ. ಇದನ್ನು ಓದಿದ ಸಿಟ್ಟಿನಲ್ಲೇ ನೀವು ಆ ಹೊತ್ತನ್ನು ಹೇಳಿಬಿಟ್ಟರೆ? ಆ ಸಿಟ್ಟು ಎಂಥದ್ದೆಂದು ನನಗೆ ಗೊತ್ತು. ಮಂಗಳವಾರ ರಾತ್ರಿ ಒಂದು ಗಳಿಗೆ ನಾನೂ ಅಂದುಕೊಂಡೆ, ಅವರ ಮನೆಗಳೂ ಹಾಳಾಗಲಿ ಅಂತ. ಆಮೇಲೆ ಪುಟ್ಟಿ ಅತ್ತಳು, ಹಾಲು ಕೊಡಲು ಎದ್ದೆ.

ನಿಮ್ಮ ಅಳಿಯ ಬರಲಿ ಎಂದು ಮಾಡಬೇಡಿ, ಅವರು ಬರುವುದಿಲ್ಲ. ಅವರು ಹೋದರೆಂದು ಮಾಡಬೇಡಿ, ಅವರು ಕೇಳಿಲ್ಲ. ನನಗೋಸ್ಕರ ಎಂದಿರಲ್ಲ, ನನಗೆ ಬೇಡ. ಬೇಕರಿಯವರ ಹತ್ತಿರ ಕೀಲಿ ಕೇಳಿ ಇಟ್ಟುಕೊಂಡಿದ್ದೇನೆ, ರಾತ್ರಿಯೆಲ್ಲ ಫೋನಿನ ಪಕ್ಕದಲ್ಲೇ ಇರುತ್ತೇನೆ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಏನೂ ಹೇಳಬೇಡಿ, ನನ್ನ ಹೆಸರು ಹಿಡಿದು ಕರೆಯಿರಿ ಸಾಕು, ದನಿಯಲ್ಲೇ ನನಗೆ ತಿಳಿಯುತ್ತದೆ. ಫೋನು ಮಾಡಿ, ಅಪ್ಪ. ನಿಮ್ಮ ಕಾಲಿಗೆ ಬೀಳುತ್ತೇನೆ, ಅವರು ನಿಮ್ಮನ್ನು ಆ ಕೋಣೆಗೆ ಕರೆಯುವ ಮೊದಲು, ಬೆಳಗಾಗುವ ಮೊದಲು, ಒಂದೇ ಒಂದು ಸಲ ಫೋನು ಮಾಡಿ.